ಅಕ್ಕಚ್ಚು ಕುಡಿದ ಅಂಗಳ

ನಮಸ್ಕಾರ. ಇವತ್ತು ನೇರವಾಗಿ ಜಗಳಕ್ಕೇ ಬರುತ್ತೇನೆ. ಬೆಂಗಳೂರಿನಲ್ಲಿ 30×40 ಅಡಿಯ ನಿವೇಶನದಲ್ಲಿ ಮನೆ ಕಟ್ಟಿ, ಗೇಟಿಗೂ ಬಾಗಿಲಿಗೂ ನಡುವೆ ಉಳಿದ 100 ಚದರಡಿಗೆ ಹುಲ್ಲುಹಾಸು ಹಾಸುತ್ತಾರಲ್ಲ, ಅವರ ಮೇಲೆ ನನ್ನ ಜಗಳ. ಹಾಗೆ ಹಾಸಿದವರಲ್ಲಿ ನಾನೂ ಒಬ್ಬ. ಗೃಹಪ್ರವೇಶಕ್ಕೆ ವಾರ ಇರುವಾಗ ಚಾಪೆಯಂತೆ ಸುತ್ತಿದ ಹುಲ್ಲು ಬಂತು. ನೆಂಟರೆಲ್ಲ ಅದರ ಮೇಲೆ ನಿಂತು ಫೋಟೊ ತೆಗೆಸಿಕೊಂಡರು. ಶಿವರಾತ್ರಿಯ ಹೊತ್ತಿಗೆ ಅಂಗಳ ತುಂಬ ನಾರಿನ ಕಾಲೊರಸು!

ಲೆಕ್ಕ ಹಾಕಿ ನೋಡಿ. 100 ಚದರಡಿ ಎಂದರೆ ಸುಮಾರು 9 ಚದರ ಮೀಟರ್. ಬಿರುಬೇಸಿಗೆಯಲ್ಲಿ ಹುಲ್ಲಿಗೆ ದಿನಕ್ಕೆ 5 ಮಿಲಿಮೀಟರ್ ನೀರು ಬೇಕೆಂದು ಹಿಡಿಯಿರಿ. ಚದರ ಮೀಟರಿಗೆ ಒಂದೊಂದು ಮಿಲಿಮೀಟರೂ ಒಂದೊಂದು ಲೀಟರ್. ದಿನಕ್ಕೆ 45 ಲೀಟರ್, ತಿಂಗಳಿಗೆ 1,350 ಲೀಟರ್. ಪೂಜೆಗೆ ಒಂದು ಹೂವಿಲ್ಲ, ಮೇಯಲು ಹಸುವೂ ಇಲ್ಲ. 2024ರ ಮಾರ್ಚ್‌ನಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ಕಾರು ತೊಳೆಯಲು, ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಹೇಳಿದಾಗ ನನ್ನ ಹುಲ್ಲಿನ ವ್ಯಾಮೋಹ ಪೂರ್ತಿ ಬಿಟ್ಟಿತು.

ಹಾಗೆಂದು ಇಂಟರ್‌ಲಾಕ್ ಕಲ್ಲು ಜೋಡಿಸಿ ಕೈತೊಳೆದುಕೊಳ್ಳುವುದೇ? ಸಂಜೆ ಆ ಕಲ್ಲಿನ ಮೇಲೆ ಬರಿಗಾಲಿಟ್ಟು ನೋಡಿ, ಆಮೇಲೆ ಮಾತನಾಡೋಣ. ರಂಗೋಲಿಗೆ ಹೊಸ್ತಿಲ ಮುಂದೆ ಎರಡು ಚಪ್ಪಡಿ ಸಾಕು.

ನಾನು ಮೊದಲು ಮಾಡಿದ್ದು ಮಣ್ಣು ಮುಚ್ಚುವ ಕೆಲಸ. ನಮ್ಮ ಬೀದಿಯ ಹೊಂಗೆಮರಗಳು ಎಲೆ ಉದುರಿಸುವ ಕಾಲ. ರಸ್ತೆ ಗುಡಿಸುವ ಪೌರಕಾರ್ಮಿಕ ಮಹಿಳೆಯನ್ನು ಎರಡು ಚೀಲ ತರಗೆಲೆ ಕೇಳಿದೆ. "ಎಲ್ಲರೂ ತೆಗೆದುಕೊಂಡು ಹೋಗು ಎನ್ನುತ್ತಾರೆ, ನೀವು ಕೊಡು ಎನ್ನುತ್ತೀರಲ್ಲ ಸಾರ್" ಎಂದು ನಕ್ಕು ನಾಲ್ಕು ಚೀಲ ಕೊಟ್ಟರು. ನಾಲ್ಕು ಬೆರಳು ದಪ್ಪ ಹರಡಿ, ಹಾರದಂತೆ ಮೇಲೆ ತೆಂಗಿನ ಸಿಪ್ಪೆ ಬೋರಲು ಹಾಕಿದೆ. ಮೂರನೆಯ ದಿನ ಎಲೆ ಸರಿಸಿ ನೋಡಿದರೆ ಕೆಳಗಿನ ಮಣ್ಣು ಇನ್ನೂ ತಣ್ಣಗಿತ್ತು.

ಆಮೇಲೆ ಮಡಕೆ. ಬಾಯಿ ಮಾತ್ರ ಕಾಣುವಂತೆ ಗಿಡದ ಪಕ್ಕದಲ್ಲಿ ಹೂತು ನೀರು ತುಂಬಿದರೆ ಸುತ್ತಲಿನ ಮಣ್ಣು ಒಣಗಿದಷ್ಟೂ ನೀರು ಜಿನುಗುತ್ತದೆ. ಇಲ್ಲಿಯೂ ನಾನು ಬೇಸ್ತುಬಿದ್ದೆ. ಚೆಂದ ಕಂಡಿತೆಂದು ಬಣ್ಣ ಬಳಿದ ಮಡಕೆ ತಂದಿದ್ದೆ. ನಾಲ್ಕು ದಿನವಾದರೂ ನೀರು ಇಳಿಯಲಿಲ್ಲ. ಬಣ್ಣ ಅದರ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿಬಿಟ್ಟಿತ್ತು. ಬಣ್ಣವಿಲ್ಲದ್ದನ್ನೇ ಕೊಳ್ಳಿ, ಮೇಲೆ ಮುಚ್ಚಳವಿಡಿ. ಇಲ್ಲವಾದರೆ ಸೊಳ್ಳೆ ಸಾಕಿದಂತಾಗುತ್ತದೆ.

ಗಿಡಕ್ಕೆ ನರ್ಸರಿಗೆ ಹೋಗಲೇ ಇಲ್ಲ. ಮಳೆಗಾಲದಲ್ಲಿ ಪಕ್ಕದ ಮನೆಯಿಂದ ದಾಸವಾಳ, ನಂದಿಬಟ್ಟಲಿನ ಕಡ್ಡಿ ಬಂತು. ನಿತ್ಯಪುಷ್ಪ ಕರೆಯದೆಯೇ ಬಂದು ಗೋಡೆಯ ಸಂದಿಯಲ್ಲಿ ಹುಟ್ಟಿತು. ಮಡಕೆಯಿಂದ ದೂರದ ಗಿಡಗಳಿಗೆ ಅಕ್ಕಿ ತೊಳೆದ ಅಕ್ಕಚ್ಚು, ಬೇಳೆ ತೊಳೆದ ನೀರು. ವಾಷಿಂಗ್ ಮೆಷಿನ್‌ನ ನೀರನ್ನು ಕೊನೆಯ ಸಲ ಜಾಲಿಸಿದ್ದನ್ನು ಮಾತ್ರ ಹಿಡಿದು, ಚರಂಡಿ ಪಕ್ಕದ ಕಾಬಾಳೆಗೆ ಹಾಕುತ್ತೇನೆ. ಮೊದಲ ನೊರೆನೀರನ್ನು ದಿನವೂ ಸುರಿದರೆ ಅದರ ಉಪ್ಪು ಮಣ್ಣನ್ನು ಕೆಡಿಸುತ್ತದೆ. ಅಮ್ಮನಿಗೆ ಇದೆಲ್ಲ ಹೊಸತೇನಲ್ಲ. "ನಮ್ಮೂರಲ್ಲಿ ಅಕ್ಕಚ್ಚು ಎಮ್ಮೆಗೆ ಹೋಗುತ್ತಿತ್ತು, ನಿನ್ನ ಗಿಡ ಪುಣ್ಯ ಮಾಡಿದೆ" ಎನ್ನುತ್ತಾರೆ.

ಖರ್ಚು? ಮಡಕೆಯದ್ದೇ ಖರ್ಚು, ಅದರಲ್ಲೂ ಬಣ್ಣದ ಮಡಕೆಯದು ದಂಡ.

ಈಗ ನೆಂಟರು ಫೋಟೊ ತೆಗೆಸಿಕೊಳ್ಳುವುದಿಲ್ಲ. ಬದಲಿಗೆ ಬೆಳಗಿನ ವಾಕಿಂಗ್‌ಗೆ ಬರುವ ಹಿರಿಯರೊಬ್ಬರು ಗೇಟಿನ ಸಂದಿಯಿಂದ ಕೈ ತೂರಿಸಿ ನನ್ನ ದಾಸವಾಳವನ್ನೆಲ್ಲ ತಮ್ಮ ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿಕೊಳ್ಳುತ್ತಾರೆ. ಬೈಯಲು ಮನಸ್ಸು ಬರುತ್ತಿಲ್ಲ. ನಾಳೆಯಿಂದ ಗೇಟಿನ ಆಚೆ ಒಂದು ಚೊಂಬು ನೀರಿಡಬೇಕೆಂದಿದ್ದೇನೆ. ಹೂವು ಕೀಳುವ ಕೈಯೇ ಮಡಕೆಯನ್ನೂ ತುಂಬಲಿ.