ಪಲ್ಪರ್ ಅಡ್ಜಸ್ಟ್ ಮಾಡಿದಿರೋ, ಮಾಡಿಫೈ ಮಾಡಿದಿರೋ?

ಕೇಳುಗರಿಗೆ ನಮಸ್ಕಾರ. ಯಂತ್ರದ ವಾರಂಟಿ, ಕಾಫಿ ವ್ಯಾಪಾರ, ಹೋಮ್‌ಸ್ಟೇ ಬುಕಿಂಗ್ ಎಂದು ಕೊಡಗಿನಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯುವ ಪ್ರಸಂಗ ಬೇಕಾದಷ್ಟು ಬರುತ್ತದೆ. ಏನೇ ಬದಲಾದರೂ ‘ಚೇಂಜ್’ ಎಂದು ಬರೆದುಬಿಡುತ್ತೇವೆ. ತಪ್ಪೇನಲ್ಲ, ಆದರೆ ಏನು ಬದಲಾಯಿತು, ಎಷ್ಟು ಬದಲಾಯಿತು ಎಂಬುದು ಓದುವವರಿಗೆ ಗೊತ್ತಾಗುವುದಿಲ್ಲ.

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರನ್ನೇ ತೆಗೆದುಕೊಳ್ಳಿ. ಒಳಗಿನ ಸಂದು ತೀರಾ ಕಿರಿದಾದರೆ ಬೀಜಕ್ಕೆ ಪೆಟ್ಟಾಗುತ್ತದೆ. ಅಗಲವಾದರೆ ಸಣ್ಣ ಹಣ್ಣು ಸುಲಿಯದೆ ಹಾಗೇ ಹೊರಬೀಳುತ್ತದೆ. ಸ್ಕ್ರೂ ತಿರುಗಿಸಿ ಸಂದನ್ನು ಹದಕ್ಕೆ ತಂದರೆ ಅದು ‘ಅಡ್ಜಸ್ಟ್’. ಬೇಕೆಂದಾಗ ಹಿಂದಿನ ಅಳತೆಗೇ ತರಬಹುದು. ವೆಲ್ಡಿಂಗ್ ಮಾಡಿಸಿ ಬೇರೆ ಆಕಾರದ ಹಾಪರ್, ಅಂದರೆ ಹಣ್ಣು ಸುರಿಯುವ ಬಾಯಿ, ಕೂರಿಸಿದರೆ ‘ಮಾಡಿಫೈ’. ಯಂತ್ರದ ರಚನೆಯೇ ಬೇರೆಯಾಯಿತು. ಸವೆದ ಭಾಗ ತೆಗೆದು ಅಂಥದ್ದೇ ಹೊಸದು ಹಾಕಿದರೆ ‘ರಿಪ್ಲೇಸ್’. ಸಂದು ಸರಿಮಾಡಿದ್ದಷ್ಟಕ್ಕೆ ‘ವಿ ಮಾಡಿಫೈಡ್ ದ ಪಲ್ಪರ್’ ಎಂದು ಬರೆದರೆ, ಯಂತ್ರವನ್ನೇ ಕತ್ತರಿಸಿ ಜೋಡಿಸಿದ್ದಾರೆಂದು ತಿಳಿದು ಕಂಪನಿಯವರು ವಾರಂಟಿ ನಿರಾಕರಿಸಿಯಾರು. ‘ವಿ ಅಡ್ಜಸ್ಟೆಡ್ ದ ಗ್ಯಾಪ್’ ಎಂದು ಬರೆಯಿರಿ. ಭಾಗದ ಹೆಸರನ್ನು ಬಿಡಲೇಬೇಡಿ.

ಇನ್ನು ಬೆಲೆ. ರೋಬಸ್ಟಾ ಚೆರಿಯನ್ನು, ಅಂದರೆ ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣನ್ನು, 50 ಕೆಜಿ ಚೀಲದ ಲೆಕ್ಕದಲ್ಲಿ ಕೊಳ್ಳುತ್ತಾರೆ. ಆ ಚೀಲದಿಂದ ಎಷ್ಟು ಬೀಜ ಸಿಗುತ್ತದೆ ಎಂಬ ಔಟ್‌ಟರ್ನ್ ನೋಡಿ ಬೆಲೆ ಕಟ್ಟುತ್ತಾರೆ. ಒಂದೇ ದಿನ ಎರಡು ತೋಟದ ಚೀಲಕ್ಕೆ ಎರಡು ಬೆಲೆ ಸಿಕ್ಕಿತೇ? ‘ದ ಪ್ರೈಸ್ ವೇರೀಸ್ ವಿತ್ ದ ಔಟ್‌ಟರ್ನ್’. ಪೇಟೆಯ ದರ ವಾರವಿಡೀ ಏರುತ್ತ ಇಳಿಯುತ್ತ ಇದ್ದರೆ ‘ಫ್ಲಕ್ಚುಯೇಟ್ಸ್’. ಇಳಿಯುತ್ತಲೇ ಹೋದ ದರಕ್ಕೆ ಈ ಪದ ಸಲ್ಲದು, ‘ಫೆಲ್’ ಎಂದರೆ ಸಾಕು.

‘ಕನ್ವರ್ಟ್’ ಬಳಸುವಾಗ ಎಚ್ಚರ ಬೇಕು. ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಪಡೆಯುವ ಅನುಮತಿಗೆ ಕಚೇರಿಗಳಲ್ಲಿ ‘ಕನ್ವರ್ಷನ್’ ಎಂದೇ ಹೆಸರು. ಗದ್ದೆಯಲ್ಲಿ ಭತ್ತದ ಬದಲು ಶುಂಠಿ ಹಾಕಿದ್ದನ್ನು ಹಾಗೆ ಬರೆದರೆ ಗೊಂದಲ ಖಂಡಿತ. ‘ವಿ ಸ್ವಿಚ್ಡ್ ಫ್ರಮ್ ಪ್ಯಾಡಿ ಟು ಜಿಂಜರ್’ ಎನ್ನಿ.

ಹೋಮ್‌ಸ್ಟೇಯಲ್ಲಿ ಬರೀ ಬಣ್ಣ ಬಳಿಸಿದ ಕೋಣೆಗೆ, ರೂಪವೇ ಬದಲಾಯಿತು ಎನ್ನುವ ‘ಟ್ರಾನ್ಸ್‌ಫಾರ್ಮ್ಡ್’ ಪದ ಅತಿಯಾಯಿತು.

‘ಆಲ್ಟರ್’ ಪದಕ್ಕೆ ದಾಖಲೆಗಳ ವಿಷಯದಲ್ಲಿ ಬೇರೆಯೇ ತೂಕವಿದೆ. ಚೆಕ್ಕಿನ ಮೊತ್ತ ತಿದ್ದುವುದನ್ನು ಕಾನೂನು ‘ಮಟೀರಿಯಲ್ ಆಲ್ಟರೇಷನ್’ ಎನ್ನುತ್ತದೆ. ಒಪ್ಪಿಗೆಯಿಲ್ಲದೆ ತಿದ್ದಿದರೆ, ಒಪ್ಪದವರ ಮಟ್ಟಿಗೆ ಆ ಚೆಕ್ಕು ಅಸಿಂಧು. ಹಾಗಾಗಿ ಅತಿಥಿಯ ಬುಕಿಂಗ್ ತಾರೀಕು ಮುಂದೆ ಹೋಗಿದ್ದರೆ ‘ಆಲ್ಟರ್ಡ್’ ಬೇಡ. ‘ಮೂವ್ಡ್ ಫ್ರಮ್ ದ ಟ್ವೆಲ್ಫ್ತ್ ಟು ದ ಫೋರ್ಟೀಂತ್’ ಎಂದು ಎರಡೂ ತಾರೀಕು ಬರೆಯಿರಿ.