ಹೊತ್ತು ಎಂಬ ಹೆಸರು

ಕೇಳುಗರಿಗೆ ನಮಸ್ಕಾರ.

ಭಾರ ಎತ್ತುವ ತರಬೇತಿಗೆಂದೇ ಜಿಮ್ ತೆರೆಯಲಿರುವ ಗೆಳೆಯರೊಬ್ಬರು ಈಚೆಗೆ ನನ್ನಲ್ಲಿ ಒಂದು ಹೆಸರು ಕೇಳಿದರು. ಅವರ ಪಟ್ಟಿಯಲ್ಲಿ ಉಕ್ಕು, ಸಿಂಹ, ವಜ್ರ, ಗುಡುಗು ಎಲ್ಲ ಇದ್ದವು. ಕೆಟ್ಟ ಹೆಸರುಗಳೇನಲ್ಲ. ಆದರೆ ಅವೆಲ್ಲ ಆಗಲೇ ಬಲಿಷ್ಠರಾದವರ ವರ್ಣನೆ. ಒಳಗೆ ಬರಲೋ ಬೇಡವೋ ಎಂದು ಬಾಗಿಲಲ್ಲೇ ಅಳುಕುತ್ತ ನಿಂತವರಿಗೆ ಆ ಹೆಸರುಗಳು ಏನು ಹೇಳಿಯಾವು? ಎರಡು ದಿನ ಯೋಚಿಸಿ ನಾನು ಒಂದೇ ಪದ ಕೊಟ್ಟೆ: ಹೊತ್ತು.

ಹೊತ್ತು ಎಂದರೆ ಕಾಲ. ‘ಮೂಟೆ ಹೊತ್ತು ತಂದ’ ಎನ್ನುವಾಗ ಅದೇ ಪದ ಹೊರುವ ಕೆಲಸ. ಹಳಗನ್ನಡದಲ್ಲಿ ಇವು ಬೇರೆ ಬೇರೆ: ಕಾಲಕ್ಕೆ ‘ಪೊೞ್ತು’, ಹೊರುವುದಕ್ಕೆ ‘ಪೊಱು’. ನಾಲಿಗೆಯ ಮೇಲೆ ಸವೆಯುತ್ತ ಸವೆಯುತ್ತ ಎರಡೂ ಒಂದೇ ಉಚ್ಚಾರಕ್ಕೆ ಬಂದು ಸೇರಿವೆ. ಬಲ ಬರುವುದೂ ಇವೆರಡು ಸೇರಿದಾಗಲೇ ಎಂದು ನನ್ನ ನಂಬಿಕೆ.

ಹೆಸರು ಮನುಷ್ಯರನ್ನು ಎಷ್ಟು ಚುಚ್ಚಬಲ್ಲದು ಎನ್ನುವುದಕ್ಕೆ ಐಸ್‌ಲ್ಯಾಂಡಿನ ಒಂದು ಕಡಲತೀರ ನೆನಪಾಗುತ್ತದೆ. ಅಲ್ಲಿ ನಾಲ್ಕು ಕಲ್ಲುಗಳಿವೆ. ದೋಣಿಗೆ ಸೇರಬಯಸುವ ಮೀನುಗಾರರ ಬಲ ನೋಡಲು ಹಿಂದೆ ಅವನ್ನು ಎತ್ತಿಸುತ್ತಿದ್ದರಂತೆ. 154 ಕಿಲೋದ ಕಲ್ಲಿನ ಹೆಸರು ‘ಪೂರ್ಣಬಲ’, 100 ಕಿಲೋದ್ದು ‘ಅರ್ಧಬಲ’. ಅದಕ್ಕಿಂತ ಚಿಕ್ಕದು 54 ಕಿಲೋದ್ದು. ಎಲ್ಲಕ್ಕಿಂತ ಸಣ್ಣದು 23 ಕಿಲೋ. ಅದರ ಹೆಸರಿನ ಅರ್ಥ ‘ಕೈಲಾಗದವ’ ಎಂದು. ಬಿರುಗಾಳಿಯ ಕಡಲಿಗೆ ಇಳಿಯುವ ದೋಣಿಗೆ ಅಂಥ ಪರೀಕ್ಷೆ ಬೇಕಿತ್ತೇನೋ. ಆದರೆ ಇಂದು 23 ಕಿಲೋ ಎತ್ತಿದವರು ನಾಳೆ 25 ಎತ್ತಬಹುದು ಎಂಬ ಮಾತಿಗೆ ಆ ಹೆಸರುಗಳಲ್ಲಿ ಜಾಗವೇ ಇಲ್ಲ. ಜಿಮ್ ಇರುವುದು ಆ ಜಾಗಕ್ಕಾಗಿಯೇ.

ಕ್ರೋಟನ್ನಿನ ಮೈಲೋ ಕಥೆ ಜಿಮ್‌ಗಳಿಗೆ ಹೋಗುವವರು ಕೇಳಿಯೇ ಇರುತ್ತಾರೆ. ಕ್ರಿಸ್ತಪೂರ್ವ ಆರನೆಯ ಶತಮಾನದ ಗ್ರೀಕ್ ಕುಸ್ತಿಪಟು, ಒಲಿಂಪಿಕ್ಸಿನಲ್ಲಿ ಆರು ಬಾರಿ ಗೆದ್ದವನು. ಎಳೆಗರುವೊಂದನ್ನು ದಿನವೂ ಹೆಗಲ ಮೇಲೆ ಹೊತ್ತು ನಡೆದನಂತೆ. ಕರು ಬೆಳೆದು ಹೋರಿಯಾಯಿತು, ಅವನೂ ಹೋರಿಯನ್ನು ಹೊರುವಷ್ಟು ಬೆಳೆದ. ಭಾರ ಸ್ವಲ್ಪ ಸ್ವಲ್ಪವೇ ಏರಬೇಕು ಎಂಬ ತತ್ತ್ವವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಕಥೆ ನನಗೆ ಗೊತ್ತಿಲ್ಲ. ಆದರೂ ಒಂದು ತಕರಾರಿದೆ. ಕರು ತನ್ನ ಪಾಡಿಗೆ ತಾನು ಬೆಳೆಯುತ್ತದೆ. ರಾತ್ರಿ ನಿದ್ದೆ ಬಂತೇ, ಭುಜ ನೋಯುತ್ತಿದೆಯೇ ಎಂದು ಹೊರುವವರನ್ನು ಅದು ಕೇಳುವುದಿಲ್ಲ. ಜಿಮ್‌ನಲ್ಲಿ ಬಾರ್ ಎಂಬ ಸರಳಿನ ತುದಿಗಳಿಗೆ ಸಿಕ್ಕಿಸುವ ಕಬ್ಬಿಣದ ಪ್ಲೇಟು ಮಾತ್ರ ನಾವು ಸಿದ್ಧವಾಗುವವರೆಗೂ ಕಾಯುತ್ತದೆ.

ಹೆಸರು ಬದಲಾದರೆ ಕೆಲಸದ ಅರ್ಥವೇ ಹೇಗೆ ತಿಳಿಯಾಗುತ್ತದೆ ಎನ್ನುವುದಕ್ಕೆ ಥಾಮಸ್ ಡಿಲಾರ್ಮ್ ಅವರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಾಯಗೊಂಡ ಸೈನಿಕರನ್ನು ಉಪಚರಿಸುತ್ತಿದ್ದ ಅಮೆರಿಕದ ಸೇನಾ ವೈದ್ಯರು ಅವರು. ಸೊರಗಿದ ಸ್ನಾಯುಗಳಿಗೆ ಭಾರ ಎತ್ತಿಸಿ ಬಲ ತುಂಬಬಹುದು ಎಂದು ತೋರಿಸಿಕೊಟ್ಟರು. 1945ರ ಲೇಖನದಲ್ಲಿ ಅದನ್ನು ‘ಭಾರೀ ಪ್ರತಿರೋಧದ ವ್ಯಾಯಾಮ’ ಎಂದು ಕರೆದಿದ್ದರು. 1948ರಲ್ಲಿ ವಾಟ್ಕಿನ್ಸ್ ಎಂಬ ಇನ್ನೊಬ್ಬ ವೈದ್ಯರ ಜೊತೆಗೂಡಿ ಬರೆಯುವಾಗ ‘ಭಾರೀ’ ಹೋಗಿ, ಅಲ್ಲಿ ‘ಹಂತಹಂತವಾಗಿ ಏರುವ’ ಎಂಬ ಮಾತು ಬಂತು. ಹತ್ತು ಸಲ ಎತ್ತಲು ಆಗುವ ಗರಿಷ್ಠ ಭಾರವನ್ನು ಮೊದಲು ಕಂಡುಕೊಳ್ಳುವುದು. ಮೊದಲ ಸೆಟ್‌ಗೆ, ಅಂದರೆ ಒಂದೇ ಸಮನೆ ಹತ್ತು ಸಲ ಎತ್ತುವ ಮೊದಲ ಸುತ್ತಿಗೆ, ಅದರ ಅರ್ಧ, ಎರಡನೆಯದಕ್ಕೆ ಮುಕ್ಕಾಲು, ಮೂರನೆಯದಕ್ಕೆ ಪೂರ್ತಿ. ಹಾಸಿಗೆ ಹಿಡಿದಿದ್ದ ಸೈನಿಕನಿಗೆ ‘ಭಾರೀ’ ಎಂಬ ಪದ ಹೇಗೆ ಕೇಳಿಸಿರಬೇಕು, ‘ಹಂತಹಂತವಾಗಿ’ ಎಂಬುದು ಹೇಗೆ ಕೇಳಿಸಿರಬೇಕು, ನೀವೇ ಯೋಚಿಸಿ.

ಇನ್ನು ಹೊತ್ತಿನ ಮಾತು. ಪ್ಲೇಟಿಲ್ಲದ ಬಾರ್‌ನ ತೂಕವೇ ಸಾಮಾನ್ಯವಾಗಿ 20 ಕಿಲೋ. ಅಷ್ಟರಿಂದ ಶುರುಮಾಡಿದವರು ಮೊದಲ ಕೆಲವೇ ವಾರಗಳಲ್ಲಿ ಚುರುಕಾಗಿ ಮುಂದೆ ಹೋಗುತ್ತಾರೆ. ತೋಳು ಇನ್ನೂ ದಪ್ಪವಾಗಿರುವುದಿಲ್ಲ. ಇರುವ ಸ್ನಾಯುವನ್ನೇ ಇನ್ನೂ ಹೆಚ್ಚು ದುಡಿಸುವುದನ್ನು ನರಗಳು ಕಲಿತಿರುತ್ತವೆ, ಅಷ್ಟೇ. ಸ್ನಾಯು ಬೆಳೆಯುವುದು ನಿಧಾನ. ಸ್ನಾಯುವನ್ನು ಮೂಳೆಗೆ ಬಿಗಿದಿರುವ ಸ್ನಾಯುರಜ್ಜು ಗಟ್ಟಿಯಾಗುವುದು ಅದಕ್ಕಿಂತಲೂ ನಿಧಾನ. ಉತ್ಸಾಹ ಮುಂದೋಡಿ, ಮೊಣಕೈ, ಮೊಣಕಾಲು ಹಿಂದುಳಿದು ನೋವು ತಂದುಕೊಳ್ಳುವುದು ಈ ಅಂತರದಲ್ಲೇ.

ಭಾರವಾದ ಎರಡು ಸೆಟ್‌ಗಳ ನಡುವೆ ಮೂರು ನಾಲ್ಕು ನಿಮಿಷ ಕೂರಬೇಕಾಗುತ್ತದೆ. ಹೊಸಬರಿಗೆ ಆಗ ಸಂಕೋಚ. ಸುಮ್ಮನೆ ಕೂತಿದ್ದೇನೆ ಎಂದು ಯಾರಾದರೂ ಅಂದುಕೊಂಡಾರೆಂದು ಬೇಗ ಎದ್ದುಬಿಡುತ್ತಾರೆ, ಮುಂದಿನ ಸೆಟ್ ಕೈಕೊಡುತ್ತದೆ. ಆ ಕೂರುವ ಹೊತ್ತೂ ತರಬೇತಿಯೇ ಎಂದು ಅವರಿಗೆ ಯಾರಾದರೂ ಹೇಳಬೇಕು.

ಗೆಳೆಯರಿಗೆ ಹೆಸರು ಹಿಡಿಸಿದೆ. ಬೋರ್ಡು ಇನ್ನೂ ಬರೆಸಿಲ್ಲ. ಹೊರಗಿನ ಬೋರ್ಡು ಹೇಗಾದರೂ ಇರಲಿ, ಒಳಗೆ ಬೆಂಚಿನ ಎದುರಿನ ಗೋಡೆಯ ಮೇಲೆ, ಕೂತು ಉಸಿರು ಸುಧಾರಿಸಿಕೊಳ್ಳುವವರ ಕಣ್ಣಿಗೆ ಬೀಳುವಂತೆ ಇನ್ನೊಮ್ಮೆ ಬರೆಸಿ ಎಂದು ಕೇಳಿಕೊಂಡಿದ್ದೇನೆ.

ನಮಸ್ಕಾರ.