ಮರ ಹತ್ತಲೇಬೇಕಾ?

(ಸಿರ್ಸಿಯಲ್ಲಿ ಕಾಲೇಜು ವಿದ್ಯಾರ್ಥಿಗಳ ತಂಡ ತರಬೇತಿಯ ಮೊದಲ ದಿನ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಇವತ್ತಿನಿಂದ ನೀವು ತಂಡ ಕಟ್ಟಿಕೊಂಡು ಡಿಸೈನ್ ಥಿಂಕಿಂಗ್, ಅಂದರೆ ಬಳಸುವ ಜನರನ್ನು ಅರಿತು ಪರಿಹಾರ ಹುಡುಕುವ ವಿಧಾನವನ್ನು ಕಲಿಯುತ್ತೀರಿ. ಇಂಜಿನಿಯರಿಂಗ್ ಓದುವವರಿಗೆ ಈ ಹೆಸರು ಹೊಸದಲ್ಲ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2021ರ ಪಠ್ಯಕ್ರಮದಲ್ಲಿ ಮೊದಲ ವರ್ಷಕ್ಕೇ ಇದನ್ನು ತಂದಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿನ್ಯಾಸ ಸಂಸ್ಥೆ ಡಿ.ಸ್ಕೂಲ್ ಹೇಳುವ ಐದು ಹಂತಗಳನ್ನು ನಿಮ್ಮಲ್ಲಿ ಕೆಲವರು ಪರೀಕ್ಷೆಯಲ್ಲಿ ಬರೆದೂ ಇರುತ್ತೀರಿ: ಜನರನ್ನು ಅರಿಯುವುದು, ಸಮಸ್ಯೆ ಯಾವುದೆಂದು ಗೊತ್ತುಮಾಡುವುದು, ಐಡಿಯಾ ಹುಡುಕುವುದು, ಮಾದರಿ ಮಾಡುವುದು, ಅದನ್ನು ಪರೀಕ್ಷಿಸುವುದು. ಐದನ್ನೂ ನಾನು ವಿವರಿಸುತ್ತಾ ಕೂರುವುದಿಲ್ಲ. ಎರಡನೆಯದರ ಬಗ್ಗೆಯೇ ಜಾಸ್ತಿ ಮಾತಾಡುತ್ತೇನೆ. ತಂಡಗಳು ದಾರಿ ತಪ್ಪುವುದು ಹೆಚ್ಚಾಗಿ ಅಲ್ಲೇ.

ನಮ್ಮ ಅಡಿಕೆ ತೋಟವನ್ನೇ ತೆಗೆದುಕೊಳ್ಳಿ. ಮರ ಹತ್ತಿ ಮದ್ದು ಹೊಡೆಯುವ, ಕೊನೆ (ಅಡಿಕೆ ಗೊನೆ) ಕೊಯ್ಯುವ ಕೊನೆಗೌಡರು ಸಿಗುವುದಿಲ್ಲ ಎಂಬ ಮಾತು ಸಿರ್ಸಿ, ಸಿದ್ದಾಪುರ, ಯಲ್ಲಾಪುರದ ಯಾವ ಮನೆಯಲ್ಲಿ ಕೇಳುವುದಿಲ್ಲ ಹೇಳಿ? ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ ಕೊಳೆ ರೋಗ ತಡೆಯುವ ಬೋರ್ಡೋ ಮದ್ದು ಹೊಡೆಯಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮದ್ದು ತಯಾರಿಸುವುದು ಎಲ್ಲರಿಗೂ ಗೊತ್ತು. ಅದನ್ನು ಮರದ ತುದಿಗೆ ಒಯ್ಯುವವರು ಬೇಕಲ್ಲ. ಅವರು ಹೊತ್ತಿಗೆ ಬರದಿದ್ದರೆ ಅಡಿಕೆಗೆ ಕೊಳೆ ಬರುತ್ತದೆ.

"ಮರ ಹತ್ತುವುದನ್ನು ಸುಲಭ ಮಾಡುವುದು ಹೇಗೆ?" ಹೀಗೆ ಕೇಳಿಕೊಂಡವರು ಮರ ಹತ್ತುವ ಯಂತ್ರ ಮಾಡಿದರು. ದಕ್ಷಿಣ ಕನ್ನಡದ ರೈತರೊಬ್ಬರ ಅಡಿಕೆ ಬೈಕ್ 2019ರಲ್ಲಿ ದೇಶದ ತುಂಬ ಸುದ್ದಿಯಾಯಿತು. ಆ ಕೆಲಸದ ಮೇಲೆ ನನಗೆ ತುಂಬ ಗೌರವ ಇದೆ. ಇನ್ನು ಕೆಲವರು ಬೇರೆಯೇ ಪ್ರಶ್ನೆ ಹಾಕಿಕೊಂಡರು: "ಮರ ಹತ್ತಲೇಬೇಕಾ?" ಆ ಪ್ರಶ್ನೆಗೆ ಸಿಕ್ಕ ಉತ್ತರ ಕಾರ್ಬನ್ ಫೈಬರ್ ದೋಟಿ, ಅಂದರೆ ಮರದ ತುದಿ ಮುಟ್ಟುವ ಹಗುರವಾದ ಉದ್ದ ಕೋಲು. ಈಗ ನೆಲದ ಮೇಲೆ ನಿಂತೇ ಮದ್ದು ಹೊಡೆಯಬಹುದು, ಕೊನೆ ಕೊಯ್ಯಬಹುದು. ತೋಟ ಅದೇ, ಕೊರತೆಯೂ ಅದೇ. ಪ್ರಶ್ನೆ ಬೇರೆಯಾದ್ದರಿಂದ ಕೈಗೆ ಬಂದ ವಸ್ತುವೂ ಬೇರೆಯಾಯಿತು.

ದೋಟಿ ಬಂದ ಮೇಲೆ ಎಲ್ಲ ಸರಿಹೋಯಿತಾ? ಇಲ್ಲ. ಇಡೀ ದಿನ ಕತ್ತೆತ್ತಿ ನಿಂತವರ ಕುತ್ತಿಗೆಯನ್ನು ಕೇಳಿ ನೋಡಿ. ಕೊನೆಗೌಡರು ಕೊಯ್ದ ಕೊನೆ ಹಗ್ಗದ ಮೇಲೆ ಜಾರಿ ಬರುತ್ತಿತ್ತು. ದೋಟಿಯಲ್ಲಿ ಕೊಯ್ದದ್ದು ನೇರ ಕೆಳಗೆ ಬೀಳುತ್ತದೆ. ಕೆಳಗೆ ಬಲೆ ಹಿಡಿಯದಿದ್ದರೆ ಅಡಿಕೆ ಚೆಲ್ಲಾಪಿಲ್ಲಿ. ಚೆಲ್ಲಿದ್ದನ್ನು ಬಗ್ಗಿ ಹೆಕ್ಕುವವರು ಯಾರು? ಎಷ್ಟೋ ಮನೆಗಳಲ್ಲಿ ಹೆಂಗಸರು. ಒಬ್ಬರ ಕೆಲಸ ಹಗುರವಾಗಿ ಇನ್ನೊಬ್ಬರ ಸೊಂಟಕ್ಕೆ ಭಾರ ಬಿತ್ತಾ ಎಂದು ನೋಡುವುದೂ ವಿನ್ಯಾಸದ ಕೆಲಸವೇ. ಇನ್ನೂ ಒಂದು ಮಾತು. ಕೊನೆಗೌಡರನ್ನೇ ಮಾತಾಡಿಸದೆ ಅವರ ಬದಲಿಗೆ ಯಂತ್ರ ಮಾಡಲು ಹೊರಡುವುದು ನನಗೆ ಸರಿ ಕಾಣುವುದಿಲ್ಲ. ಅವರ ಮಕ್ಕಳು ಈ ಕೆಲಸಕ್ಕೆ ಯಾಕೆ ಬರುತ್ತಿಲ್ಲ? ಜೀವಭಯವಾ, ವರ್ಷವಿಡೀ ಕೆಲಸ ಇಲ್ಲದ್ದಾ, ಮರ್ಯಾದೆ ಸಿಗದ್ದಾ? ಉತ್ತರ ಮರ್ಯಾದೆ ಎಂದಾದರೆ ಯಾವ ಯಂತ್ರ ಮಾಡುತ್ತೀರಿ?

ಪ್ರಶ್ನೆ ಬದಲಾದದ್ದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. 2007ರಲ್ಲಿ ಸ್ಟ್ಯಾನ್‌ಫರ್ಡ್‌ನ ಒಂದು ತರಗತಿಯಲ್ಲಿ ವಿದ್ಯಾರ್ಥಿಗಳ ತಂಡಕ್ಕೆ ಕೊಟ್ಟ ಕೆಲಸ, ಕಡಿಮೆ ಬೆಲೆಯ ಇನ್‌ಕ್ಯುಬೇಟರ್ (ದಿನ ತುಂಬದೆ ಹುಟ್ಟಿದ ಕೂಸನ್ನು ಬೆಚ್ಚಗಿಡುವ ಪೆಟ್ಟಿಗೆ) ಮಾಡುವುದು. ತಂಡ ನೇಪಾಳಕ್ಕೆ ಹೋಗಿ ನೋಡಿತು. ಪಟ್ಟಣದ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್ ಸುಮ್ನೆ ಬಿದ್ದಿತ್ತು. ದಿನ ತುಂಬದ ಕೂಸುಗಳು ಹುಟ್ಟುತ್ತಿದ್ದದ್ದು ದೂರದ ಹಳ್ಳಿಗಳಲ್ಲಿ. ಅವು ಆಸ್ಪತ್ರೆ ಮುಟ್ಟುತ್ತಲೇ ಇರಲಿಲ್ಲ. ಹಾಗಾಗಿ ಅವರು ಅಗ್ಗದ ಪೆಟ್ಟಿಗೆಯ ಯೋಚನೆ ಬಿಟ್ಟರು. ಕೂಸನ್ನು ಮಲಗಿಸುವ ಪುಟ್ಟ ಚೀಲ ಮಾಡಿದರು. ಅದರೊಳಗೆ ಮೇಣದಂಥ ವಸ್ತು. ಒಮ್ಮೆ ಬಿಸಿ ಮಾಡಿದರೆ ಗಂಟೆಗಟ್ಟಲೆ 37 ಡಿಗ್ರಿ ಹಿಡಿದಿಡುತ್ತದೆ. ಎಂಬ್ರೇಸ್ ಎಂದು ಅದರ ಹೆಸರು. ಆಮೇಲೆ ಆ ತಂಡ ನಮ್ಮ ಬೆಂಗಳೂರಿಗೇ ಬಂದು ಕೆಲಸ ಮಾಡಿತು. ನಮ್ಮ ದೇಶದ ಒಂದು ಹಳ್ಳಿಯಲ್ಲಿ ಮಾದರಿ ತೋರಿಸಿದಾಗ ತಾಯಿಯೊಬ್ಬಳು, 37 ಎಂದಿದ್ದರೆ ತಾನು ಸ್ವಲ್ಪ ಕಮ್ಮಿಯೇ ಇಡುತ್ತೇನೆ ಎಂದಳು. ಡಾಕ್ಟರ ಔಷಧಿಯೂ ಕೂಸಿಗೆ ಜೋರಾದೀತೆಂದು ಅರ್ಧವೇ ಕೊಡುವವಳು ಅವಳು. ತಂಡ ಅಂಕಿಗಳನ್ನೇ ತೆಗೆದು, ಬಿಸಿ ಸಾಕು ಅಥವಾ ಸಾಲದು ಎಂದಷ್ಟೇ ತೋರಿಸುವ ಗುರುತು ಹಾಕಿತು. ಲ್ಯಾಬಿನಲ್ಲಿ ಕೂತಿದ್ದರೆ ಇದು ಹೊಳೆಯುತ್ತಿತ್ತಾ?

ಈಗ ತಂಡದ ಮಾತು. ಬ್ರೇನ್‌ಸ್ಟಾರ್ಮಿಂಗ್ ಎಂದು ಎಲ್ಲರೂ ಒಟ್ಟಿಗೆ ಕೂತು ಮಾತಾಡಿದರೆ ಐಡಿಯಾ ಉಕ್ಕುತ್ತದೆ ಎಂಬ ನಂಬಿಕೆ ಇದೆ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ನಾಲ್ಕು ಜನ ಒಟ್ಟಿಗೆ ಕೂತಾಗ ಬಂದದ್ದಕ್ಕಿಂತ, ನಾಲ್ಕು ಜನ ಬೇರೆ ಬೇರೆ ಕೂತು ಯೋಚಿಸಿದ್ದನ್ನು ಸೇರಿಸಿದಾಗ ಜಾಸ್ತಿ ಐಡಿಯಾ ಬಂತು. ನಮ್ಮ ಕಡೆ ಇದಕ್ಕೆ ಕಾರಣ ಹುಡುಕಬೇಕಾಗಿಲ್ಲ. ದೊಡ್ಡವರು ಕೂತಲ್ಲಿ ಚಿಕ್ಕವರು ಬಾಯಿ ಬಿಡುವುದಿಲ್ಲ. ಇಂಗ್ಲಿಷ್ ಬರುವವನು ಮಾತು ಹಿಡಿದರೆ ಬಿಡುವುದಿಲ್ಲ. ಮನೆಯಲ್ಲಿ ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದು ಗೊತ್ತಿರುವ ಹುಡುಗಿ ಹಿಂದಿನ ಬೆಂಚಿನಲ್ಲಿ ಸುಮ್ಮನಿರುತ್ತಾಳೆ. ತಂಡದಲ್ಲಿ ಎಲ್ಲರಿಗಿಂತ ಜಾಸ್ತಿ ಗೊತ್ತಿರುವುದು ಅವಳಿಗೇ, ಅಲ್ವಾ? ಅದಕ್ಕೇ ಇಲ್ಲಿ ಒಂದು ನಿಯಮ. ಮೊದಲು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯಬೇಕು, ಹೆಸರು ಹಾಕಬಾರದು. ಚೀಟಿಗಳನ್ನು ಗೋಡೆಗೆ ಅಂಟಿಸಿದ ಮೇಲೆಯೇ ಮಾತು.

ಮಾದರಿಗೆ ದುಬಾರಿ ಸಾಮಾನು ತರಬೇಡಿ. ಅಡಿಕೆ ಹಾಳೆ, ಬಿದಿರು, ರಟ್ಟು, ಹಳೇ ಸೈಕಲ್ ಟ್ಯೂಬ್ ಸಾಕು. ದುಡ್ಡು ಸುರಿದು ಮಾಡಿದ್ದನ್ನು ಬಿಸಾಡಲು ಮನಸ್ಸು ಬರುವುದಿಲ್ಲ. ನೋಡುವವರಿಗೂ "ಇದು ಸರಿಯಿಲ್ಲ" ಎನ್ನಲು ಸಂಕೋಚ.

ನಾಳೆ ಎರಡು ತಂಡ ಇಲ್ಲೇ ತೋಟಗಳಿಗೆ ಹೋಗುತ್ತವೆ. ಒಂದು ತಂಡ ದೇವಿಮನೆ ಘಟ್ಟ ಇಳಿದು ಕುಮಟಾ ಮೀನು ಮಾರ್ಕೆಟ್ಟಿಗೆ. ಮೀನು ಮಾರುವ ಅಕ್ಕಂದಿರು ವ್ಯಾಪಾರದಲ್ಲಿ ಮುಳುಗಿರುವಾಗ ಪ್ರಶ್ನೆ ಕೇಳಬೇಡಿ. ಬುಟ್ಟಿ ಇಳಿಸುವುದು, ಐಸ್ ಹಾಕುವುದು, ಉಳಿದ ಮೀನಿಗೆ ಏನು ಮಾಡುತ್ತಾರೆ ಎಂಬುದು, ಇವನ್ನೆಲ್ಲ ನಿಂತು ನೋಡಿ. ಗಿರಾಕಿ ಕಮ್ಮಿಯಾದ ಮೇಲೆ, ಅವರು ಒಪ್ಪಿದರೆ, ಪಕ್ಕದಲ್ಲಿ ಕೂತು ಮಾತಾಡಿ. ಕೇಳದೆ ಫೋಟೋ ತೆಗೆಯಬೇಡಿ. ಪರಿಹಾರ ಯಾವುದನ್ನೂ ಹೇಳಲು ಹೋಗಬೇಡಿ. ಸಂಜೆ ಬರುವಾಗ ಪ್ರತಿ ತಂಡವೂ ಒಂದೇ ಒಂದು ಪ್ರಶ್ನೆ ಬರೆದುಕೊಂಡು ಬರಲಿ, ಅದರ ಕೆಳಗೆ ಆ ಪ್ರಶ್ನೆ ಯಾರ ಮಾತಿನಿಂದ ಹುಟ್ಟಿತು ಎಂದೂ ಬರೆದಿರಲಿ. ಕುಮಟಾ ತಂಡದವರು ಬೆಳಿಗ್ಗೆ ಐದೂವರೆಗೆ ಬಸ್ ಸ್ಟ್ಯಾಂಡಿನಲ್ಲಿರಿ.